ಹೂಂಗುಟ್ಟುವ ಪಾಠ

ಮಹದೇವಪುರದ ನಮ್ಮ ಕಾಲ್ ಸೆಂಟರಿನಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದ ಮೇಡಂ ಗದಗಿನ ಕಡೆಯವರು. ನಾವು ಮೆಕ್ಸಿಕೋದ ಮೊಬೈಲ್ ಗ್ರಾಹಕರೊಂದಿಗೆ ಮಾತಾಡಬೇಕಿತ್ತು. ಕ್ರಿಯಾಪದಗಳನ್ನು ಉರುಹೊಡೆಯುತ್ತಿದ್ದ ನಮ್ಮನ್ನು ಅವರು ಅಂಗೈ ಎತ್ತಿ ತಡೆಯುತ್ತಿದ್ದರು.

"ಮೊದ್ಲ ಹೂಂ ಅನ್ನೋದು ಕಲೀರಿ. ವ್ಯಾಕರಣ ಆಮ್ಯಾಲೆ."

ಹೂಂ ಎನ್ನಲು 'ಕ್ಲಾರೊ', ಅಯ್ಯೋ ಎನ್ನಲು 'ಆಯ್, ನೋ', ಮಾತು ತಡವರಿಸಿದರೆ 'ಪ್ವೇಸ್'.

ಒಂದು ದಿನ ಅಜ್ಜಿಯೊಬ್ಬರು ಫೋನ್ ಮಾಡಿ ಗಂಡನ ನಂಬರ್ ನಿಲ್ಲಿಸಬೇಕೆಂದರು. ಕಾರಣವೇನೆಂದು ತಪ್ಪಿಲ್ಲದ ವಾಕ್ಯದಲ್ಲಿ ಕೇಳಿದೆ. ಹೋದ ವಾರ ತೀರಿಕೊಂಡರು ಎಂದರು. ನಾನು ಮುಂದಿನ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸತೊಡಗಿದೆ. ಲೈನಿನಲ್ಲಿದ್ದೀರಾ ಎಂದು ಅವರು ಎರಡು ಸಲ ಕೇಳಿದರು.

ಇನ್ನೊಂದು ಹೆಡ್‌ಸೆಟ್ಟಿನಲ್ಲಿ ನನ್ನ ಕರೆ ಕೇಳುತ್ತಿದ್ದ ಮೇಡಂ, "ಆಯ್, ನೋ..." ಎಂದು ಮೆಲ್ಲಗೆ ಉಸಿರುಬಿಟ್ಟರು. ಅಜ್ಜಿ ಅಳುತ್ತಲೇ ಮಾತಿಗಾರಂಭಿಸಿದರು. ಮೇಡಂ ಬರೀ ಕ್ಲಾರೊ, ಕ್ಲಾರೊ ಎನ್ನುತ್ತ, ಅಷ್ಟು ದೂರದ ಅಜ್ಜಿಗೆ ಕಾಣುವುದೇನೋ ಎಂಬಂತೆ ತಲೆಯಾಡಿಸುತ್ತಿದ್ದರು. ಆಮೇಲೆ ತಮ್ಮ ಮೈಕಿಗೆ ಕೈ ಅಡ್ಡ ಹಿಡಿದು, "ಇನ್ನ ನೀವು ಹೂಂ ಅನ್ರಿ" ಎಂದರು.

"ಕ್ಲಾರೊ," ಎಂದೆ.

ಗಂಡ ಮಾಳಿಗೆ ಮೇಲಿಂದಲೇ ಫೋನ್ ಮಾಡಿ ಕಾಫಿ ಕೇಳುತ್ತಿದ್ದುದನ್ನು ಅಜ್ಜಿ ಹೇಳಿದರು. ಒಮ್ಮೆ ನಕ್ಕರು. ಕೊನೆಗೆ, ಆ ನಂಬರ್ ಇನ್ನೊಂದು ತಿಂಗಳು ಹಾಗೇ ಇರಲಿ ಎಂದರು.