ದೋಣಿಗೂ ಕಾಲಿಂಚು

ಆ ಬೀದಿಯ ದರ್ಜಿಯನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವರು ಮಾಸ್ಟರ್. ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ. ಅದಕ್ಕಿಂತ ಹೆಚ್ಚು ಹೆಸರಾಗಿದ್ದು ಹೊಲಿಗೆಯ ಒಳಗೆ ಅವರು ಬಿಡುತ್ತಿದ್ದ ಬಟ್ಟೆಗೆ. ಉಳಿದ ದರ್ಜಿಗಳು ಎಳೆ ಎಳೆಯಲ್ಲೂ ಜಿಪುಣತನ ಮಾಡಿದರೆ ಇವರು ಸುತ್ತಲೂ ಕಾಲಿಂಚು ಹೆಚ್ಚು. "ಇವತ್ತು ಕಡ್ಡಿ ಥರ ಇದ್ದೀರಿ. ನಾಳೆ ಮೈ ಬಂದ್ರೆ ಬಿಚ್ಚಿ ಅಗಲ ಮಾಡೋದು ಬೇಡ್ವಾ?" ಎಂಬುದು ಅವರ ವಾದ. ಮೈ ಬರದ ಗಿರಾಕಿ ಲೋಕದಲ್ಲೇ ಇಲ್ಲ ಎಂದು ನಂಬಿದ್ದ ಮನುಷ್ಯ.

ಅಂಥ ಕೈ ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನೂ ಹಿಡಿಯಲಾರದೆ ಜೋತುಬಿತ್ತು. ಸಣ್ಣದಾಗಿ ಪಾರ್ಶ್ವವಾಯು ಹೊಡೆದಿದೆ ಎಂದರು ಡಾಕ್ಟರು. ಔಷಧಿ, ವ್ಯಾಯಾಮ, ಹೆಂಡತಿಯ ಬೈಗುಳ ಮೂರೂ ಸೇರಿ ಕೈಯನ್ನು ಮತ್ತೆ ಎಬ್ಬಿಸಿದವು. "ಸರಿಹೋಗಿದೆ, ಧೈರ್ಯವಾಗಿ ಕೆಲಸ ಮಾಡಿ" ಎಂದು ಡಾಕ್ಟರು ಹೇಳಿ ತಿಂಗಳಾದರೂ ಮಾಸ್ಟರ್ ಕತ್ತರಿ ಮುಟ್ಟಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರ ಬಾಗಿಲೂ ತೆಗೆಯಲಿಲ್ಲ. ಕಪಾಟಿನಲ್ಲಿ ಬಸ್ ಡ್ರೈವರ್ ಕೊಟ್ಟಿದ್ದ ಕೋಟಿನ ಬಟ್ಟೆ ಮಡಿಕೆ ಬಿಚ್ಚದೆ ಕುಳಿತಿತ್ತು. ಕತ್ತರಿ ಹಿಡಿದಾಗ ಕೈ ಒಂದೇ ಒಂದು ಸಲ ನಡುಗಿದರೆ ಆ ಬಟ್ಟೆ ಹಾಳು. ಆಮೇಲೆ ಡ್ರೈವರಿಗೆ ಯಾವ ಮುಖ ತೋರಿಸುವುದು?

ಅಪ್ಪನ ಕೊರಗು ನೋಡಲಾಗದೆ ಬೇರೆ ಊರಲ್ಲಿದ್ದ ಮಗಳು ಒಂದು ಡಬ್ಬಿ ಕಳಿಸಿದಳು. ಮರದ ದೋಣಿ ಮಾಡುವ ಕಿಟ್. ಮೊಳದುದ್ದದ ನಡುಪಟ್ಟಿ, ಅದರಲ್ಲಿ ಮೊದಲೇ ಕೊರೆದ ಒಂಬತ್ತು ಕಚ್ಚುಗಳು, ತೆಳು ಮರದ ಹಾಳೆಗಳು, ಕಾಗದದ ನಮೂನೆಗಳು. ನಮೂನೆಯನ್ನು ಮರದ ಮೇಲಿಟ್ಟು ಗೆರೆ ಎಳೆದು ದೋಣಿಯ ಪಕ್ಕೆಲುಬುಗಳನ್ನು ಕೊಯ್ಯಬೇಕು. ಒಂದೊಂದರ ಬುಡವನ್ನು ಒಂದೊಂದು ಕಚ್ಚಿಗೆ ಇಳಿಸಬೇಕು. "ಕೆಟ್ರೆ ಕೆಡಲಿ ಅಪ್ಪ, ಯಾರ ಕೋಟೂ ಅಲ್ವಲ್ಲ" ಎಂದಿದ್ದಳು ಫೋನಿನಲ್ಲಿ.

ಮಾಸ್ಟರ್ ಅದನ್ನು ಆಟ ಎಂದುಕೊಂಡರೆ ತಾನೆ! ಯಾರಿಗೂ ಹೇಳದೆ ಮನಸ್ಸಿನಲ್ಲೇ ಪಣ ತೊಟ್ಟರು. ಪಕ್ಕೆಲುಬುಗಳು ಕಚ್ಚಿನಲ್ಲಿ ಕೂತರೆ ಅಂಗಡಿ ತೆಗೆಯುವುದು. ಕೂರದಿದ್ದರೆ ಡ್ರೈವರಿಗೆ ಬಟ್ಟೆ ವಾಪಸು, ಕತ್ತರಿ ಅಟ್ಟಕ್ಕೆ.

ಮೂರು ದಿನ ಉಸಿರು ಬಿಗಿಹಿಡಿದು ತಮ್ಮ ಹೊಲಿಗೆಯ ಸೀಮೆಸುಣ್ಣದಿಂದಲೇ ಗೆರೆ ಎಳೆದರು, ಸಣ್ಣ ಗರಗಸದಲ್ಲಿ ಕೊಯ್ದರು, ಅಂಚು ಉಜ್ಜಿ ನಯ ಮಾಡಿದರು. ನಾಲ್ಕನೆಯ ದಿನ ಬೆಳಿಗ್ಗೆ ತಿಂಡಿ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಜೋಡಿಸಲು ಕುಳಿತರು. ಮೊದಲನೆಯದು ಕಚ್ಚಿಗೆ ಇಳಿಯಲಿಲ್ಲ. ಇರಲಿ, ಮೊದಲನೆಯದಲ್ಲವೇ ಎಂದುಕೊಂಡರು. ಎರಡನೆಯದೂ ಇಳಿಯಲಿಲ್ಲ. ಒಂಬತ್ತಕ್ಕೆ ಒಂಬತ್ತೂ ಬುಡ ಅಗಲವಾಗಿ ಮೇಲೇ ನಿಂತವು.

"ಮುಗೀತು ಕಣೇ" ಎಂದರು ಹೆಂಡತಿಗೆ. "ಕೈ ನಡುಗಿದೆ. ಡ್ರೈವರಿಗೆ ಆ ಬಟ್ಟೆ ವಾಪಸ್ ಕೊಟ್ಬಿಡು."

ಮೂವತ್ತು ವರ್ಷ ಗಂಡ ಕತ್ತರಿಸಿದ ಬಟ್ಟೆಗೆ ಅಂಚು ಮಡಿಚಿ ಗುಂಡಿ ಹಾಕಿದ ಹೆಂಗಸು ಆಕೆ. ಕಾಗದದ ನಮೂನೆಯನ್ನು ತೆಗೆದು ಒಂದು ಪಕ್ಕೆಲುಬಿನ ಮೇಲಿಟ್ಟಳು. ಇನ್ನೊಂದರ ಮೇಲೆ ಇನ್ನೊಂದು ನಮೂನೆ ಇಟ್ಟಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ.

"ನನ್ನ ಗೋಳು ನಿನಗೆ ನಗುವಾ?"

"ನಡುಗಿದ ಕೈ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಕೊಯ್ಯತ್ತೆ ಕಣ್ರೀ. ಇಲ್ನೋಡಿ, ಸುತ್ತಲೂ ಕಾಲಿಂಚು. ಒಂಬತ್ತರಲ್ಲೂ ಅದೇ ನಿಮ್ಮ ಕಾಲಿಂಚು! ಏನು, ದೋಣಿಗೂ ನಾಳೆ ಮೈ ಬರತ್ತೆ ಅಂತ ಬಿಟ್ರಾ?"

ಮಾಸ್ಟರಿಗೆ ನಂಬಿಕೆ ಬರಲಿಲ್ಲ. ಕೊರಳಿಗೆ ಟೇಪು ಹಾಕಿಕೊಂಡು ಬಂದು ಒಂಬತ್ತನ್ನೂ ಅಳೆದರು. ಎಡಕ್ಕೆ ಕಾಲು, ಬಲಕ್ಕೆ ಕಾಲು, ತಲೆಗೆ ಕಾಲು, ಬುಡಕ್ಕೆ ಕಾಲು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಗೆರೆ ಎಳೆಯುವಾಗ ಯಾರ ಅಪ್ಪಣೆಯೂ ಇಲ್ಲದೆ ಕೈ ತನ್ನ ಹಳೆಯ ಚಾಳಿಯಂತೆ ಹೊರಗೆ ಸರಿದಿತ್ತು! ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದರು. ನಾಲ್ಕು ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದುಹೋಯಿತು. ನಗಲು ಹೊರಟವರು ಮಗುವಿನ ಹಾಗೆ ಅತ್ತುಬಿಟ್ಟರು. ಹೆಂಡತಿ ಬೈಯಲಿಲ್ಲ; ಪಕ್ಕದಲ್ಲಿ ಕೂತು ಮರದ ಪುಡಿಯನ್ನು ಅಂಗೈಯಿಂದ ಒತ್ತರಿಸುತ್ತಿದ್ದಳು.

ಆಮೇಲೆ ಮುಖ ತೊಳೆದುಕೊಂಡು ಮುಂದಿನ ಕೋಣೆಯ ಬಾಗಿಲು ತೆಗೆದರು. ಡ್ರೈವರಿಗೆ ಹೇಳಿಕಳಿಸಿ ಹೊಸದಾಗಿ ಅಳತೆ ತೆಗೆದರು. ನಾಲ್ಕು ತಿಂಗಳಲ್ಲಿ ಅವನಿಗೂ ಹೊಟ್ಟೆ ಬಂದಿತ್ತು. ಅವನು ಹೋದಮೇಲೆ ಬಟ್ಟೆ ಹರಡಿ, ಸೀಮೆಸುಣ್ಣದ ಗೆರೆ ಹಾಕಿ, ಕತ್ತರಿ ಎತ್ತಿದರು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಕತ್ತರಿ ಎಲ್ಲೂ ತಡೆಯದೆ ಈ ತುದಿಯಿಂದ ಆ ತುದಿಗೆ ಹೋಯಿತು.

ಸಂಜೆ ಮಗಳ ಫೋನು. "ಅಪ್ಪ, ದೋಣಿ ಎಲ್ಲಿಗೆ ಬಂತು?"

"ಸ್ವಲ್ಪ ದಪ್ಪ ಆಗಿದೆ ಮಗಳೇ. ಸುತ್ತಲೂ ಒಂಚೂರು ಕೊಯ್ಯಬೇಕು. ಈಗ ಆಗಲ್ಲ, ಅಂಗಡಿ ಮುಚ್ಚಿದ್ಮೇಲೆ ನೋಡ್ತೀನಿ."



"ಏನು ಮುಚ್ಚಿದ್ಮೇಲೆ?" ಎಂದಳು ಮಗಳು. "ಅಪ್ಪ, ಇನ್ನೊಂದ್ಸಲ ಹೇಳು."