ಸತ್ತವನಿಗೆ ತಮ್ಮನನ್ನು ಹುಟ್ಟಿಸಿದ ಬೂದೆಪ್ಪ

ಕೂಕಟ್‌ಪಲ್ಲಿಯ ಸಂದಿಯೊಂದರಲ್ಲಿ, ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೂದೆಪ್ಪ ಕನ್ನಡ ಟೈಪ್ ಮಾಡುತ್ತಾರೆ. ಆಳಂದದ ಕಡೆಯವರು. ಅಪ್ಪ, ಅವ್ವ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದಾಗ ಜತೆಗೆ ಬಂದು, ಸಿಕಂದರಾಬಾದಿನ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತರು. ಈಗ ಲಗ್ನಪತ್ರಿಕೆ, ಸಂಘದ ಸ್ಮರಣ ಸಂಚಿಕೆ, ಏನು ಕೊಟ್ಟರೂ ಕಂಪ್ಯೂಟರಿಗೆ ಇಳಿಸುತ್ತಾರೆ. ತಪ್ಪು ಕಂಡರೆ ಕೇಳದೆಯೇ ತಿದ್ದುತ್ತಾರೆ. ಹೆಂಡತಿ ಬಂಡೆಮ್ಮ ಹೋದ ವರ್ಷ ತೀರಿಕೊಂಡ ಮೇಲೆ ಮನುಷ್ಯ ಅರ್ಧ ಆಗಿದ್ದಾರೆ. ಒಬ್ಬರೇ ಬೇಯಿಸಿಕೊಂಡು ತಿನ್ನುತ್ತಾರೆ.

ನನ್ನ ಮೊದಲ ಕಾದಂಬರಿಯನ್ನು ನಂಬಿ ಅವರ ಕೈಗೇ ಕೊಟ್ಟೆ. ಅಚ್ಚಿಗೆ ಹೋಗುವ ಮುಂಚೆ ಓದಿ ನೋಡಿದೆ. ಎರಡನೇ ಅಧ್ಯಾಯದಲ್ಲಿ ತೀರಿಕೊಂಡ ಗುರುಬಸವ ಐದನೇ ಅಧ್ಯಾಯದಲ್ಲಿ ಬಂದು ಪಡಸಾಲೆಯಲ್ಲಿ ಕೂತು ಮಜ್ಜಿಗೆ ಕೇಳಬೇಕು. ಕಾದಂಬರಿಯ ಜೀವವೇ ಅಲ್ಲಿದೆ. ನೋಡಿದರೆ ಮಜ್ಜಿಗೆ ಕೇಳುತ್ತಿರುವವನು ‘ಗುರುಬಸವನ ತಮ್ಮ’. ಇಲ್ಲದ ತಮ್ಮನನ್ನು ಈ ಪುಣ್ಯಾತ್ಮರು ಎಲ್ಲಿಂದ ಹುಟ್ಟಿಸಿದರು? ಸಿಟ್ಟು ನೆತ್ತಿಗೇರಿ ನೇರ ಅಂಗಡಿಗೆ ಹೋದೆ.

“ಏನ್ರಿ ಬೂದೆಪ್ಪ, ಇದೇನ್ ಮಾಡೀರಿ?”

“ನೀವು ಮರ್ತೀರಿ ಅಂತ ತಿದ್ದೀನ್ರಿ ಸರ. ಅಂವ ಸತ್ತಾನಲ್ರಿ,” ಎಂದರು ತಣ್ಣಗೆ.

“ಸತ್ತಾನ, ಮತ್ತ ಬರ್ತಾನ. ಇದಕ್ಕ ಮಾಂತ್ರಿಕ ವಾಸ್ತವ ಅಂತಾರ. ಆಗದ ಸಂಗತಿ ಆಗತೈತಿ, ಆದ್ರ ಮನಿಯವ್ರು ಯಾರೂ ಬೆರಗಾಗಂಗಿಲ್ಲ. ಸೊಸಿ ಸುಮ್ನ ಮಜ್ಜಿಗಿ ತಂದು ಕೊಡ್ತಾಳ. ಆಕಿ ಚೀರಿದ್ರ ಅದು ದೆವ್ವದ ಕತಿ ಆಗತೈತಿ.”

“ಹಂಗಾದ್ರ ನಿಮ್ಮ ಕಾದಂಬರ್ಯಾಗ ಶಿವದೇವಿ ಮೈಮ್ಯಾಲ ಅಮ್ಮ ಬಂದು, ಕಳದ ಎಮ್ಮಿ ಎಲ್ಲೈತಿ ಅಂತ ಹೇಳ್ತಾಳಲ್ರಿ, ಅದು?”

“ಅದೂ ಮಾಂತ್ರಿಕಾನ.”

“ಅದು ಖರೇನ ಆಗತೈತ್ರಿ. ನಮ್ಮ ದೊಡ್ಡವ್ವಗ ಬರ್ತಿತ್ತು. ಅದಕ್ಕ ನಾ ಅಲ್ಲಿ ಕೈ ಹಚ್ಚಿಲ್ಲ.”

ನಾನು ಮಾಂತ್ರಿಕವೆಂದು ಬರೆದದ್ದು ಇವರಿಗೆ ಬರೀ ವಾಸ್ತವ. ಹಾಗಾದರೆ ಕಾದಂಬರಿಯಲ್ಲಿ ಮಾಂತ್ರಿಕ ಉಳಿದದ್ದೆಷ್ಟು? ಅದನ್ನು ತೀರ್ಮಾನಿಸುವವನು ಬರೆದ ನಾನೋ, ಓದುವವನೋ? ಓದುವವನೆಂದರೆ ಕೂಕಟ್‌ಪಲ್ಲಿಯವನೋ, ಆಳಂದದವನೋ? ಸಿಟ್ಟು ಇಳಿದು ಮುಜುಗರ ಶುರುವಾಯಿತು. ಆದರೂ ಹಠ ಬಿಡದೆ, “ಆ ತಮ್ಮನ್ನ ತೆಗೀರಿ, ಗುರುಬಸವನ್ನೇ ಕೂಡಸ್ರಿ,” ಎಂದೆ.

ಬೂದೆಪ್ಪ ಕೀಬೋರ್ಡಿನಿಂದ ಕೈ ತೆಗೆದರು.

“ಕೂಡಸ್ತೀನ್ರಿ. ಒಂದು ತಿಳೀವಲ್ದು ಸರ. ಬಂಡೆಮ್ಮ ಹೋದಾಗಿಂದ ಊಟಕ್ಕ ಕೂಡುವಾಗ ಆಕಿ ತಾಟೂ ಇಡಾಕತ್ತೀನಿ. ಬಾಗಲಾ ಮುಂದ ಮಾಡಿರ್ತೀನಿ, ಚಿಲಕ ಹಾಕಂಗಿಲ್ಲ. ಆಕಿ ಬಂದ್ರ ನಾನೂ ಬೆರಗಾಗಂಗಿಲ್ರಿ. ಹ್ಯಾಂಗ ಬಂದಿ ಅಂತ ಕೇಳಂಗೂ ಇಲ್ಲ.”

ಅವರ ಕಣ್ಣು ತುಂಬಿ ಬಂದಿತ್ತು. ನನಗೆ ಸಂಕಟವಾಯಿತು.

“ಆ ಗುರುಬಸವನ ಮನಿಯವ್ರು ಏನ್ ಮಾಡಿದ್ರು ಸರ, ಅಂವ ಬರಾಕ?” ಎಂದರು ಬೂದೆಪ್ಪ. “ಅದನ್ನ ನೀವು ಬರದಿಲ್ಲ.”