ಆರು ಹಪ್ಪಳದ ಸಂಖ್ಯೆ

ಆ ಬೆಳಗ್ಗೆಯೂ ಎಂದಿನಂತೆ ನೀರುದೋಸೆಯ ಕಾವಲಿ ಇಳಿಸಿ, ಬೇಯಿಸಿದ ಹಲಸಿನ ಸೊಳೆಯನ್ನು ಗುದ್ದಿ, ಪುತ್ತೂರಿನ ನಮ್ಮ ಅಂಗಳದಲ್ಲಿ ಹಪ್ಪಳದ ಚಾಪೆ ಬಿಡಿಸಿದೆವು. ಪಕ್ಕದ ಮನೆಯ ಕಮಲಕ್ಕ ಉಂಡೆ ಕಟ್ಟಿದರು, ನಾನು ಮಣೆಯಲ್ಲಿ ಒತ್ತಿದೆ, ಮಗಳು ಶಾರದೆ ಹರಡಿದಳು. ಕೊನೆಯ ಆರನ್ನು ಮಾತ್ರ ಅವಳು ಬಳೆಯಂತೆ ದುಂಡಗೆ ಇಟ್ಟು, ಹಸಿಯಿರುವಾಗಲೇ ಬೆರಳ ತುದಿಯಿಂದ ಒಂದೊಂದರ ಮೇಲೆ ಒಂದೊಂದು ಅಂಕಿ ಬರೆದಳು: ಒಂದು, ನಾಲ್ಕು, ಎರಡು, ಎಂಟು, ಐದು, ಏಳು.

ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಈ ಸಂಖ್ಯೆಯ ಪರಿಚಯ ನಿಮಗುಂಟೋ ಇಲ್ಲವೋ. ನನಗೆ ಮಾಡಿಸಿದವರು ಕಾನ್ವೆಂಟಿನ ಒಬ್ಬ ಸಿಸ್ಟರ್. ಎರಡರಿಂದ ಆರರವರೆಗೆ ಯಾವುದರಿಂದ ಗುಣಿಸಿದರೂ ಅವೇ ಆರು ಅಂಕಿಗಳು, ಅದೇ ಸರದಿಯಲ್ಲಿ, ತೊಡಗುವ ಜಾಗವನ್ನಷ್ಟೇ ಬದಲಿಸಿ ಸುತ್ತಿ ಬರುತ್ತವೆ. ಸಂಪಾಜೆಯ ತವರಿನಿಂದ ಮಂಗಳೂರಿನ ಹಾಸ್ಟೆಲಿಗೆ, ಅಲ್ಲಿಂದ ಈ ಅಡುಗೆಮನೆಗೆ ಬಂದ ನನಗೆ, ಎಲ್ಲಿ ನಿಲ್ಲಿಸಿದರೂ ತನ್ನ ನಡೆ ಬಿಡದ ಆ ಸಂಖ್ಯೆಯ ಮೇಲೆ ಗೆಳತಿಯ ಮೇಲಿನಂಥ ಅಕ್ಕರೆ. ಶಾರದೆಗೂ ನಾನೇ ಅದನ್ನು ಕಲಿಸಿದ್ದೆ.

ಶಾಲೆ ತೆರೆಯುವ ಮುನ್ನ ಶಾರದೆಗೆ ಐಚ್ಛಿಕ ಗಣಿತವೋ ಗೃಹವಿಜ್ಞಾನವೋ ನಿರ್ಧಾರವಾಗಬೇಕಿತ್ತು. ಅವಳಿಗೆ ಗಣಿತವೇ ಬೇಕು, ಅವಳ ಅಪ್ಪನದು ಒಂದೇ ಮಾತು, "ಹುಡುಗಿಗೆ ಅಷ್ಟು ಲೆಕ್ಕ ಎಂತಕ್ಕೆ?" ಮಧ್ಯಾಹ್ನ ಅವರು ಊಟಕ್ಕೆ ಬಂದಾಗ ಶಾರದೆ ಆ ಸಂಖ್ಯೆ ಸುತ್ತುವ ಬಗೆಯನ್ನು ಹೇಳುತ್ತ, ತೋರಿಸಲು ಅಂಗಳಕ್ಕೆ ಎಳೆದು ತಂದಳು. ನೋಡಿದರೆ ಅಂಕಿಗಳೇ ಇಲ್ಲ! ಬಿಸಿಲು ನೆತ್ತಿಗೇರಿದಾಗ ಹಪ್ಪಳ ಮಗುಚುವುದು ವಾಡಿಕೆ. ಕಮಲಕ್ಕ ಒಂದನ್ನೂ ಬಿಡದೆ ಇದ್ದಲ್ಲೇ ಮಗುಚಿದ್ದರು.

"ಅಯ್ಯೋ, ನೀನು ಬರೆದದ್ದು ನಂಗೆ ನೆನಪೇ ಇಲ್ಲ ಮಾರಾಯ್ತಿ!"

"ಸರಿ, ಕಾಣದೆಯೇ ಹೇಳು. ಮೂರರಿಂದ ಗುಣಿಸು ನೋಡುವ," ಎಂದರು ಇವರು, ತುಟಿಯಂಚಲ್ಲಿ ನಗುತ್ತ.

"ಏಳು ಮೂರ್ಲಿ ಇಪ್ಪತ್ತೊಂದು. ಹಾಗಾದ್ರೆ ಕೊನೆಗೆ ಬರುದು ಒಂದು. ಒಂದು ಇರುದು ಬಾವಿಯ ಬದಿಗೆ. ಅದರ ನಂತರದ್ದರಿಂದ ಶುರು ಮಾಡುದು, ಅಪ್ಪ." ಮಗುಚಿದ ಬೆನ್ನುಗಳನ್ನು ಮುಟ್ಟುತ್ತ ಸುತ್ತಿದಳು: "ನಾಲ್ಕು, ಎರಡು, ಎಂಟು, ಐದು, ಏಳು, ಒಂದು."

ಇವರು ಜಗಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಣಿಸಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಪ್ಪಳ ಎತ್ತಿ ನೋಡಿದರು. ಒಂದೂ ತಪ್ಪಿರಲಿಲ್ಲ.

"ಏಳರಿಂದ?"

"ಏಳಕ್ಕೆ ಈ ಹಪ್ಪಳ ಆಗುದಿಲ್ಲ. ಆರು ಜಾಗದಲ್ಲೂ ಒಂಬತ್ತೇ ಬರುದು."

ಮತ್ತೆ ಸೀಮೆಸುಣ್ಣ, ನೆಲದ ಮೇಲೆ ಸಾಲಾಗಿ ಆರು ಒಂಬತ್ತು. ಕೈ ಕೊಡವಿ ಎದ್ದವರು ನನ್ನನ್ನು ನೋಡಿ, "ಲೆಕ್ಕವನ್ನೇ ತಕ್ಕೊಳ್ಳಲಿ. ಬಡಿಸು, ಹಸಿವಾಗ್ತದೆ," ಎಂದರು.

ಬಡಿಸುವಾಗ ಸಂತೋಷದಲ್ಲಿ ಇವರಿಗೆ ಎರಡೆರಡು ಸಲ ಸಾರು ಹಾಕಿದೆ ಎಂದರೆ ನಗಬೇಡಿ. ಒಲೆಯ ಮುಂದೆ ಇಷ್ಟು ವರ್ಷ ಮಗುಚಿ ಬಿದ್ದಿದ್ದ ನನ್ನ ಓದು ಸವೆದು ಹೋಯಿತೆಂದೇ ಎಣಿಸಿದ್ದೆ. ಅದು ಅಡಿಯ ಮಗ್ಗುಲಲ್ಲಿ, ಇಟ್ಟ ಸರದಿಯಲ್ಲೇ ಇತ್ತು. ನನ್ನ ಮಗಳು ಅಲ್ಲಿಂದಲೇ ತೊಡಗಿದ್ದಳು.

ಸಂಜೆ ಚಾಪೆ ಸುತ್ತುವಾಗ ಆ ಆರು ಹಪ್ಪಳಗಳನ್ನು ಬೇರೆ ಡಬ್ಬಿಯಲ್ಲಿ ಜೋಪಾನ ಮಾಡಲು ಹೊರಟೆ. ಕಮಲಕ್ಕ ಅವನ್ನು ನನ್ನ ಕೈಯಿಂದ ತೆಗೆದುಕೊಂಡು ಒಲೆಯ ಕಡೆ ನಡೆದೇಬಿಟ್ಟರು.

"ಇದನ್ನು ತೆಗೆದಿಡುದು ಎಂತಕ್ಕೆ ಮಾರಾಯ್ರೆ, ಚಾಯಕ್ಕೆ ಕಾಯಿಸುವ. ಲೆಕ್ಕ ಅವಳ ತಲೆಯಲ್ಲಿ ಉಂಟಲ್ಲ."